ಬೇಡದ ಫ್ಯಾನು

"ಗಾಳಿ ಬೇಕಾ ನಿಂಗೆ, ಗಾಳಿ? ಕರೆಂಟಿನ ಬಿಲ್ಲು ನಿಮ್ಮಪ್ಪ ಕಟ್ತಾನೇನೆ, ಬೋಳಿ?"

ಬೆಳಿಗ್ಗೆ ಬಂದವನೇ ಧಣಿ ನನ್ನ ನಾದಿನಿಗೆ ಹೀಗೆ ಬೈದ. ಏಳು ತಿಂಗಳ ಬಸುರಿ ಅವಳು. ಕೇಳಿದ್ದಿಷ್ಟೇ, ಫ್ಯಾನು ಹಾಕಿ ಅಂತ.

ಹೋಟೆಲುಗಳ ಬೆಡ್‌ಶೀಟು ಒಗೆದು ಇಸ್ತ್ರಿ ಮಾಡುವ ಲಾಂಡ್ರಿ ಅದು. ಕಾದ ರೋಲರಿನ ಮುಂದೆ ಇಬ್ಬರು ನಿಂತು, ಒದ್ದೆ ಬಟ್ಟೆಯನ್ನು ಬಿಗಿಯಾಗಿ ಎಳೆದು ಒಳಗೆ ಬಿಡಬೇಕು. ಒಬ್ಬಳು "ಹಿಡ್ದೆಯಾ?" ಅನ್ನುತ್ತಾಳೆ, ಇನ್ನೊಬ್ಬಳು "ಹಿಡ್ದೆ" ಅಂದ ಮೇಲೇ ಬಿಡುವುದು. ಒಂದು ಕೈ ಸಡಿಲವಾದರೂ ಬಟ್ಟೆ ರೋಲರಿಗೆ ಸುತ್ತಿಕೊಂಡು ಕರಕಲಾಗುತ್ತದೆ. ಆ ಬೇಗೆಯಲ್ಲಿ ಇಷ್ಟು ದಿನ ನಮ್ಮ ಜೀವ ಉಳಿಸಿದ್ದು ಗೋಡೆಯ ಆ ದೊಡ್ಡ ಫ್ಯಾನು.

ಹಿಂದಿನ ದಿನ ವಿದ್ಯುತ್ ಕಚೇರಿಯ ಸಾಹೇಬ ಬಂದಿದ್ದ. ವ್ಯಾಪಾರದವರಿಗೆ ದರ ಏರಿದೆ, ತಡೆದುಕೊಳ್ಳುವುದು ಹೇಗೆ ಅಂತ ಬುದ್ಧಿ ಹೇಳಲು. ಧಣಿಯ ಎ.ಸಿ. ಕೋಣೆಯ ಬಾಗಿಲು ಅರೆ ತೆರೆದಿತ್ತು. ಬಟ್ಟೆ ಮಡಚುತ್ತಲೇ ಎಲ್ಲ ಕೇಳಿಸಿಕೊಂಡೆವು.

"ದಾರಿ ಬೇಕಾದಷ್ಟಿದೆ. ಹಳೇ ಮೋಟರು ಬದಲಾಯ್ಸಿ. ಚಾವಣಿ ಮೇಲೆ ಸೋಲಾರ್ ಹಾಕ್ಸಿ. ದರ ಕಮ್ಮಿ ಇರೋ ಹೊತ್ತಲ್ಲಿ ಮಷೀನು ಓಡ್ಸಿ. ಇಲ್ಲಾ, ಬೇಡದ್ದನ್ನ ಆರಿಸಿ."

"ಕೊನೇದಕ್ಕೆ ಖರ್ಚಿಲ್ಲ ಅಲ್ವಾ?" ಧಣಿ ನಕ್ಕ.

ಬೇಡದ್ದು ಯಾವುದು ಅಂತ ಆ ತಣ್ಣನೆಯ ಕೋಣೆಯಲ್ಲೇ ತೀರ್ಮಾನವಾಯಿತು. ಮರುದಿನ ಬೆಳಿಗ್ಗೆ ನಾವು ಬಂದಾಗ ಫ್ಯಾನು ನಿಂತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನನಗೆ ಮೈಯೆಲ್ಲ ಉರಿದುಹೋಯಿತು, ಆದರೂ ಬಾಯಿ ಮುಚ್ಚಿಕೊಂಡಿದ್ದೆ. ಹಾಳು ಹೊಟ್ಟೆ!

ಮಧ್ಯಾಹ್ನ ನಾನು ಎಂದಿನಂತೆ "ಹಿಡ್ದೆಯಾ?" ಎಂದೆ.

"ಅತ್ತಿಗೆ, ಕಣ್ಣು ಕತ್ತಲೆ ಬರ್ತಿದೆ..."

ನಾದಿನಿ ಕುಸಿದಳು. ಬಟ್ಟೆ ಸುತ್ತಿಕೊಂಡು ಹೊಗೆಯೆದ್ದಿತು. ಧಣಿ ಓಡಿ ಬಂದ. ಬಂದವನು ಅವಳನ್ನು ದಾಟಿಕೊಂಡು ರೋಲರಿನ ಹತ್ತಿರ ಹೋದ.

"ಅಯ್ಯೋ, ಹೊಸಾ ಬೆಡ್‌ಶೀಟು! ಕೈಲಾಗದಿದ್ರೆ ಹೊಟ್ಟೆ ಹೊತ್ಕೊಂಡು ಮನೇಲಿ ಬಿದ್ದಿರಬೇಕು, ದರಿದ್ರದ್ದು!"

ನಾನು ನಾದಿನಿಯ ಮುಖಕ್ಕೆ ನೀರು ಚಿಮುಕಿಸಿದೆ. "ಕೂಸು ಅಲ್ಲಾಡ್ತಿದೆಯೇನೇ?" ಅವಳು ಹೊಟ್ಟೆಯ ಮೇಲೆ ಅಲ್ಲಿ ಇಲ್ಲಿ ಕೈಯೊತ್ತಿ ತಡಕಿದಳು.

ಸಾಕಾಯಿತು ನನಗೆ. ನೇರ ಸ್ವಿಚ್ಚುಬೋರ್ಡಿನ ಹತ್ತಿರ ಹೋದೆ. ರೋಲರು ಆರಿಸಿದೆ, ಫ್ಯಾನು ಹಾಕಿದೆ. ಆಮೇಲೆ ಧಣಿಯ ಎ.ಸಿ.ಯನ್ನೂ ಆರಿಸಿದೆ.

"ಏಯ್! ಅದ್ಯಾಕೆ ಮುಟ್ಟಿದೆ?"

"ಸಾಹೇಬ್ರು ಹೇಳಿದ್ರಲ್ಲ, ಬೇಡದ್ದನ್ನ ಆರಿಸಿ ಅಂತ. ಆರಿಸ್ದೆ."

"ಕೆಲ್ಸದಿಂದ ಒದ್ದು ಓಡಿಸ್ತೀನಿ, ಹಲ್ಕಟ್ ಮುಂಡೆ!" ಎಂದು ಬೋರ್ಡಿನ ಕಡೆ ನುಗ್ಗಿದ.

ಗಂಟುಮೂತಿ ಅಂತ ನಾವೆಲ್ಲ ಆಡಿಕೊಳ್ಳುತ್ತಿದ್ದ ಮುದುಕಿ, ವರ್ಷಗಟ್ಟಲೆ ಯಾರಿಗೂ ಎದುರು ಮಾತಾಡದವಳು, ರಾಶಿಯಿಂದ ಒಂದು ಒದ್ದೆ ಬೆಡ್‌ಶೀಟು ಎಳೆದು ಅದರ ಒಂದು ತುದಿಯನ್ನು ನನ್ನತ್ತ ಎಸೆದಳು. ಇಬ್ಬರೂ ಬಿಗಿಯಾಗಿ ಎಳೆದೆವು, ಧಣಿಗೂ ಬೋರ್ಡಿಗೂ ನಡುವೆ ಬಟ್ಟೆ ಅಡ್ಡ ನಿಂತಿತು. ಅವನು ಎದೆ ಕೊಟ್ಟು ನೂಕಿದ. ಉಳಿದ ಹೆಂಗಸರೂ ಬಂದು ಬಂದು ಅಂಚಿಗೆ ಕೈ ಹಾಕಿದರು.

"ಹಿಡ್ದೆಯಾ?" ಮುದುಕಿ ಕೇಳಿದಳು.

ನನ್ನ ಬೆನ್ನ ಹಿಂದೆ ಫ್ಯಾನು ಸದ್ದು ಮಾಡುತ್ತ ತಿರುಗುತ್ತಿತ್ತು.

"ಹಿಡ್ದೆ," ಎಂದೆ.