ಒತ್ತಕ್ಷರ ಬಿಟ್ಟ ಪಟ್ಟಿ

ಹೊನ್ನಾಳಿಯ ರೈತ ಸಂಘವೊಂದರಲ್ಲಿ ನಿರ್ಮಲಮ್ಮ ಹದಿನಾಲ್ಕು ವರ್ಷ ಕನ್ನಡ ಟೈಪ್‌ರೈಟರ್ ಕುಟ್ಟಿದ್ದಳು. ೧೯೮೯ರಲ್ಲಿ ಕಂಪ್ಯೂಟರ್ ಬಂದಾಗ ಅಧ್ಯಕ್ಷ ಷಣ್ಮುಖಪ್ಪ ಅದನ್ನು ಅವಳಿಗೇ ಒಪ್ಪಿಸಿದ. ವಿಶ್ವಾಸದಿಂದಲ್ಲ, ಕಲಿಯಲಾಗದೆ ಕೆಲಸ ಬಿಟ್ಟುಹೋಗಲಿ ಎಂದು. ಅವನ ತಂಗಿಯ ಮಗಳು ಆ ಕುರ್ಚಿಗೆ ಕಾದು ಕೂತಿದ್ದಳು. ನಿರ್ಮಲಮ್ಮ ಮೂರೇ ತಿಂಗಳಲ್ಲಿ ಕಲಿತುಬಿಟ್ಟಳು. ಆಮೇಲೆ ಅವನು ಅವಳ ಮುಖ ನೋಡಿ ಮಾತಾಡಿದ್ದಿಲ್ಲ.

ಆ ವರ್ಷ ಸಂಘದ ಚುನಾವಣೆ. ಮತದಾರರ ಪಟ್ಟಿಯನ್ನು ಅವಳೇ ಕಂಪ್ಯೂಟರಿಗೆ ಹಾಕಿದಳು. ಸಂಘದ ಪ್ರಿಂಟರ್ ಕೆಟ್ಟಿತ್ತು. ಷಣ್ಮುಖಪ್ಪ ಪಟ್ಟಿಯಿದ್ದ ಫ್ಲಾಪಿ ಡಿಸ್ಕ್ ಎತ್ತಿಕೊಂಡು ಪ್ರಿಂಟ್ ಹಾಕಿಸಲು ಶಿವಮೊಗ್ಗಕ್ಕೆ ಹೊರಟ.

"ಅಲ್ಲಿ ಮಿಷಿನ್ನಿನಾಗೆ ಬೇರೆ ಕಂಪನಿ ಕನ್ನಡ ಐತೆ ಸಾರ್. ಪ್ರಿಂಟ್ ಆದ್ಮೇಲೆ ಒಂದ್ಸಲ ನನಗೆ ತೋರ್ಸಿ."

"ಕನ್ನಡದಾಗೆ ಎಷ್ಟು ಕನ್ನಡ ಐತೆ? ನಿನ್ನ ಕೆಲಸ ನೀನು ನೋಡ್ಕೋ."

ಪಟ್ಟಿ ಅವಳ ಕಣ್ಣಿಗೆ ಬಿದ್ದದ್ದು ಮತದಾನದ ದಿನವೇ. ಗೋವಿನಕೋವಿಯ ಹೊನ್ನೂರಮ್ಮ ಸೀದಾ ಅವಳ ಮೇಜಿನ ಮುಂದೆ ಬಂದು ನಿಂತಳು.

"ನನ್ನ ಹೆಸರು ಕೆಡಿಸಾಕೆ ನಿನಗೆ ಎಷ್ಟು ಕೊಟ್ಟಾರೆ? ನಮ್ಮೂರಿನೋರನ್ನೆಲ್ಲ ವಾಪಸ್ ಕಳಸ್ತಾ ಅದಾರೆ."

ನಿರ್ಮಲಮ್ಮ ಎದ್ದು ಮತಗಟ್ಟೆಯ ಕೋಣೆಗೆ ಹೋದಳು. ಪಟ್ಟಿಯಲ್ಲಿ ಒಂದೂ ಒತ್ತಕ್ಷರವಿರಲಿಲ್ಲ. ಹೊನ್ನೂರಮ್ಮ 'ಹೊನೂರಮ' ಆಗಿದ್ದಳು, ಬೈಲಪ್ಪ 'ಬೈಲಪ' ಆಗಿದ್ದ. ಗೋವಿನಕೋವಿಯವರು ಷಣ್ಮುಖಪ್ಪನ ಎದುರು ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಬೈಲಪ್ಪನ ಕಡೆಯವರು. ಅವರ ಹೆಸರು ಬಂದಾಗಲೆಲ್ಲ ಷಣ್ಮುಖಪ್ಪನ ಏಜೆಂಟು ಹೆಸರು ಹೊಂದಿಲ್ಲವೆಂದು ತಕರಾರು ಎತ್ತುತ್ತಿದ್ದ.

"ಟೈಪ್ ಮಾಡಿದೋಳು ಇವಳೇ," ಎಂದ ಷಣ್ಮುಖಪ್ಪ, ಜನರಿಗೆಲ್ಲ ಕೇಳುವ ಹಾಗೆ. "ಬೈಯೋದಿದ್ರೆ ಇವಳನ್ನ ಬೈರಿ."

ನಿರ್ಮಲಮ್ಮ ಚುನಾವಣಾಧಿಕಾರಿಯ ಕಡೆ ತಿರುಗಿ ನಿಧಾನವಾಗಿಯೇ ಹೇಳಿದಳು.

"ಕಂಪ್ಯೂಟರಿನಾಗೆ ಒಂದೊಂದು ಅಕ್ಷರಕ್ಕೂ ಒಂದು ನಂಬರು ಸಾರ್. ನಮ್ಮಲ್ಲಿ ಒತ್ತಕ್ಷರಕ್ಕಿರೋ ನಂಬರಿಗೆ ಶಿವಮೊಗ್ಗದ ಮಿಷಿನ್ನಿನಾಗೆ ಅಕ್ಷರಾನೇ ಇಲ್ಲ. ಅದಕ್ಕೇ ಒತ್ತು ಬಿಟ್ಟು ಪ್ರಿಂಟ್ ಹೊಡೆದೈತೆ. ನಮ್ಮದರಾಗೆ ಸರಿ ಐತೆ, ಬಂದು ನೋಡ್ರಿ."

"ಕಂಪ್ಯೂಟರ್ ರೂಮಿಗೆ ಬೀಗ ಹಾಕೈತೆ. ಕೀಲಿ ಮನೇಲೈತೆ," ಎಂದ ಷಣ್ಮುಖಪ್ಪ.

ನಿರ್ಮಲಮ್ಮ ಪಟ್ಟಿಯ ಹಾಳೆ ತಿರುವಿದಳು.

"ಹಂಗಾದ್ರೆ ಇದನ್ನ ನೋಡ್ರಿ ಸಾರ್. 'ಷಣುಖಪ'. ಮುಂದೆ ಗುರುತೈತೆ, ಬೆಳಿಗ್ಗೇನೆ ಓಟು ಹಾಕ್ಯಾರೆ. ಆ ಷಣುಖಪ ಯಾರು?"

ಯಾರೋ ಹಿಂದಿನಿಂದ ನಕ್ಕರು. ಷಣ್ಮುಖಪ್ಪ ಹಾಳೆಗೆ ಕೈ ಹಾಕಿದ. ಅಧಿಕಾರಿ ಅದನ್ನು ತನ್ನ ಕಡೆಗೆ ಎಳೆದುಕೊಂಡು ಎರಡು ಸಲ ಓದಿದ. ಆಮೇಲೆ, ವಾಪಸ್ಸಾದವರನ್ನೆಲ್ಲ ಕರೆಸಿರಿ ಎಂದ.

ಹನ್ನೊಂದು ಮತಗಳಿಂದ ಬೈಲಪ್ಪ ಗೆದ್ದ. ಷಣ್ಮುಖಪ್ಪ ಇಳಿಯುವ ಮುಂಚೆ ಕೊನೆಯದಾಗಿ ಸಹಿ ಹಾಕಿದ್ದು ನಿರ್ಮಲಮ್ಮನ ವರ್ಗಾವಣೆಯ ಆರ್ಡರಿಗೆ. ನ್ಯಾಮತಿಯ ಗೊಬ್ಬರದ ಗೋದಾಮಿನಲ್ಲಿ ಚೀಲ ಲೆಕ್ಕ ಹಾಕುವ ಕೆಲಸ.

ಆರ್ಡರ್ ರದ್ದು ಮಾಡಿ ಎಂದು ಕೇಳಲು ಅವಳು ಬೈಲಪ್ಪನ ಹತ್ತಿರ ಹೋದಳು. ಅವನು ಕೂತ್ಕೊಳ್ರಿ ಎನ್ನಲಿಲ್ಲ.

"ಅಧ್ಯಕ್ಷರನ್ನ ಅಷ್ಟು ಜನರ ಮುಂದೆ ನಿಲ್ಲಿಸಿ ಕೇಳಿದೋರು ನೀವು. ನಾಳೆ ನನ್ನನ್ನೂ ಕೇಳ್ತೀರಿ. ನ್ಯಾಮತಿಗೆ ಹೋಗ್ರಿ."

"ಕೇಳೇ ಕೇಳ್ತೀನಿ," ಎಂದಳು ನಿರ್ಮಲಮ್ಮ.

ಸೋಮವಾರ ಬೆಳಿಗ್ಗೆ ನ್ಯಾಮತಿ ಬಸ್ಸಿನಲ್ಲಿ ಹೊನ್ನೂರಮ್ಮ ಕೂತಿದ್ದಳು. ಅವಳ ಪಕ್ಕ ಜಾಗ ಖಾಲಿಯಿತ್ತು. ನಿರ್ಮಲಮ್ಮನನ್ನು ಕಂಡು ಹೊನ್ನೂರಮ್ಮ ಆ ಜಾಗಕ್ಕೆ ತನ್ನ ಚೀಲ ಸರಿಸಿ, "ಹೆಸರು ಕೆಡಿಸಿದೋಳು," ಎಂದು ಗೊಣಗಿ ಕಿಟಕಿಯ ಕಡೆ ತಿರುಗಿದಳು. ನಿರ್ಮಲಮ್ಮ ಕಂಬಿ ಹಿಡಿದು ನಿಂತೇ ಹೋದಳು.