ಎಂಟು ಜನರ ಟಿಪ್ಸು

ಒಂದೇ ಆಸ್ಪತ್ರೆಯಲ್ಲಿ ದುಡಿಯುವ ನಾವು ಎಂಟು ಜನ ತಿಂಗಳ ಮೊದಲ ಶನಿವಾರ ಮಧ್ಯಾಹ್ನ ಹತ್ತಿರದ ಒಂದೇ ಹೋಟೆಲಿನಲ್ಲಿ ಊಟ ಮಾಡುತ್ತೇವೆ. ಬಿಲ್ಲು ಹಂಚುವುದು ನನ್ನ ಕೆಲಸ. ಐಸ್‌ಕ್ರೀಮ್ ತಿಂದವರು ಯಾರು, ಬರೀ ಸೂಪು ಕುಡಿದು ಎದ್ದವರು ಯಾರು, ಒಂದು ಮೀನು ಮೂವರ ತಟ್ಟೆಗೆ ಹೋಯಿತೋ ನಾಲ್ವರ ತಟ್ಟೆಗೋ, ಎಲ್ಲವೂ ನನ್ನ ತಲೆಯಲ್ಲಿರುತ್ತದೆ. ಲ್ಯಾಬಿನಲ್ಲಿ ದಿನವಿಡೀ ಹನಿ ಲೆಕ್ಕ ಹಾಕುವವಳಿಗೆ ಇದೇನು ಮಹಾ. ಅದಕ್ಕೇ ನನಗೆ ತಕ್ಕಡಿ ಅಕ್ಕ ಎಂಬ ಹೆಸರು. ಹೆಸರಿಟ್ಟವನು ಎಕ್ಸ್‌-ರೇ ವಿಭಾಗದವನು. ಎರಡೆರಡು ಪ್ಲೇಟು ಹೊಡೆದು, "ಎಲ್ಲರಿಗೂ ಸಮ ಹಾಕಿಬಿಡಿ ಅಕ್ಕ" ಎಂದು ಬೆಣ್ಣೆ ಹಚ್ಚುವ ಆಸಾಮಿ.

ಎಲ್ಲರೂ ತಮ್ಮ ಪಾಲನ್ನೂ, ಅದರ ಮೇಲೆ ಹತ್ತಕ್ಕೊಂದರಂತೆ ಟಿಪ್ಸನ್ನೂ ನನ್ನ ಕೈಗೆ ನೋಟಿನಲ್ಲಿ ಕೊಡುತ್ತಾರೆ. ನಾನು ಬಿಲ್ಲನ್ನು ಕಾರ್ಡಿನಲ್ಲಿ ಕಟ್ಟಿ, ಟಿಪ್ಸಿನ ನೋಟುಗಳನ್ನು ಬಿಲ್ಲು ತಂದಿಡುವ ರಟ್ಟಿನ ಪುಸ್ತಕದೊಳಗೆ ಇಟ್ಟು ಬರಬೇಕು. ಅಷ್ಟರಲ್ಲಿ ಅವರೆಲ್ಲ ಬಾಗಿಲಾಚೆ ನಿಂತು ಹರಟುತ್ತಿರುತ್ತಾರೆ. ಯಾರೂ ತಿರುಗಿ ನೋಡುವುದಿಲ್ಲ.

ಎಂಟು ಜನರಿಂದ ದುಡ್ಡು ಎತ್ತಿದರೆ ಎಲ್ಲೋ ಒಂದು ಕಡೆ ಕಡಿಮೆ ಬಿದ್ದೇ ಬೀಳುತ್ತದೆ. ಒಬ್ಬರ ಹತ್ತಿರ ಚಿಲ್ಲರೆ ಇರುವುದಿಲ್ಲ, ಇನ್ನೊಬ್ಬರು ನಾಳೆ ಕೊಡುತ್ತೇನೆ ಎಂದವರು ನಾಳೆ ಕಣ್ಣಿಗೇ ಬೀಳುವುದಿಲ್ಲ. ಎರಡು ವರ್ಷ ನಾನೇ ಕೈಯಿಂದ ಹಾಕಿ ತುಂಬಿದೆ. "ಊರಿಗೆಲ್ಲ ನ್ಯಾಯ ಹೇಳ್ತೀಯ, ನಷ್ಟ ಮಾತ್ರ ಮನೆಗೆ ತರ್ತೀಯ" ಎಂದು ಯಜಮಾನರು ಹಂಗಿಸುತ್ತಿದ್ದರು. ಒಂದು ತಿಂಗಳು ಕಡಿಮೆ ಬಿದ್ದದ್ದೂ ಟಿಪ್ಸೂ ಹೆಚ್ಚುಕಮ್ಮಿ ಒಂದೇ ಆಯಿತು. ನೋಟುಗಳನ್ನು ಪರ್ಸಿಗೆ ಸೇರಿಸಿ ಖಾಲಿ ಪುಸ್ತಕ ಮುಚ್ಚಿದೆ. ಇದು ನನ್ನದೇ ದುಡ್ಡು, ವಾಪಸು ಬಂತು ಅಂದುಕೊಂಡೆ. ಮುಂದಿನ ತಿಂಗಳು ಏನೂ ಕಡಿಮೆ ಬಿದ್ದಿರಲಿಲ್ಲ. ಆದರೂ ಪುಸ್ತಕ ಖಾಲಿಯೇ ಮುಚ್ಚಿತು. ಐದು ತಿಂಗಳು ಹೀಗೇ ನಡೆಯಿತು. ನನಗೆ ಬಡತನವಿತ್ತೇ? ಇಲ್ಲ. ಆ ದುಡ್ಡಿನಲ್ಲಿ ಏನು ಕೊಂಡೆ ಎಂದು ಕೇಳಿದರೆ ಹೇಳುವುದಕ್ಕೂ ಗೊತ್ತಿಲ್ಲ.

ನಮ್ಮ ಟೇಬಲಿಗೆ ಯಾವಾಗಲೂ ಬಡಿಸುತ್ತಿದ್ದವಳು ಐವತ್ತರ ಆಸುಪಾಸಿನ ಒಬ್ಬಾಕೆ. ಕನ್ನಡಕವನ್ನು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿರುತ್ತಿದ್ದಳು. ಯಾರಿಗೆ ಖಾರ ಆಗದು, ಯಾರಿಗೆ ಬಿಸಿನೀರೇ ಬೇಕು ಎಂದು ಕೇಳದೆ ತಂದಿಡುತ್ತಿದ್ದಳು. ಆರನೆಯ ತಿಂಗಳು ಅವಳ ಬದಲು ದಪ್ಪ ಮೀಸೆಯವನೊಬ್ಬ ಬಂದ.

"ಕನ್ನಡಕದ ಅಮ್ಮ ಎಲ್ಲಪ್ಪಾ?" ಎಂದು ಎಕ್ಸ್‌-ರೇಯವನು ಕೇಳಿದ.

"ಹಿಂದೆ ಪಾತ್ರೆ ತೊಳೀತಿದ್ದಾಳೆ ಸಾರ್. ಟಿಪ್ಸಿನ ತಕರಾರು." ಅವನು ದನಿ ತಗ್ಗಿಸಿದ. "ನಮ್ಮಲ್ಲಿ ಎಲ್ಲಾರ ಟಿಪ್ಸೂ ಒಂದೇ ಡಬ್ಬಿಗೆ ಬೀಳ್ಬೇಕು. ಅಡುಗೆಯವರು, ಪಾತ್ರೆಯವರು, ನಾವು, ಏಳು ಜನ ಹಂಚ್ಕೊಳ್ತೀವಿ. ನಿಮ್ಮದು ದೊಡ್ಡ ಟೇಬಲ್ಲು, ತಪ್ಪದೇ ಬರ್ತಿತ್ತು. ಇದ್ದಕ್ಕಿದ್ದಂಗೆ ಕಾಸೂ ಇಲ್ಲ. ಕೇಳಿದ್ರೆ ಅವ್ರು ಇಟ್ಟೇ ಇಲ್ಲ ಅಂತಾಳೆ."

"ಇಟ್ಟಿಲ್ವಾ?" ನಮ್ಮ ಡಾಕ್ಟರಮ್ಮ ಚಮಚ ಕೆಳಗಿಟ್ಟರು. ಜನ್ಮದಲ್ಲಿ ಒಂದು ಸುಳ್ಳೂ ಹೇಳದ ಹೆಂಗಸು. "ಪ್ರತಿ ತಿಂಗಳೂ ಕೊಟ್ಟಿದೀವಪ್ಪ! ಬೇಕಾದ್ರೆ ಇವರನ್ನೇ ಕೇಳು, ಇವರ ಕೈಯಾರೆ ಇಟ್ಟು ಬರ್ತಾರೆ."

ಏಳು ಮುಖಗಳೂ ನನ್ನ ಕಡೆ ತಿರುಗಿದವು. ಬಾಯಿ ಬಿಡಬೇಕಿತ್ತು. ನಾನು ತಲೆಯಾಡಿಸಿದೆ, ಹೌದು ಎನ್ನುವ ಹಾಗೆ.

"ಅಲ್ಲಿಗೆ ಗೊತ್ತಾಯ್ತಲ್ಲ" ಎಂದ ಮೀಸೆಯವನು. ಪಾಪ, ಅವನಿಗೂ ಬೇಸರವೇ ಆಗಿತ್ತು. ಅವತ್ತು ಎಲ್ಲರೂ ಅವಳ ಮುಖ ನೋಡಿದರೆ ಹಾಗನಿಸಿರಲಿಲ್ಲ ಎಂದು ಮಾತಾಡಿಕೊಂಡು ಉಂಡರು. ಆ ದಿನದ ಟಿಪ್ಸನ್ನು ನಾನು ಪುಸ್ತಕದೊಳಗೆ ಇಟ್ಟು ಬಂದೆ.

ಭಾನುವಾರ ಹೇಗೋ ಕಳೆಯಿತು. ಸೋಮವಾರ ಊಟದ ಬಿಡುವಿನಲ್ಲಿ ಐದು ತಿಂಗಳ ಟಿಪ್ಸನ್ನು ಕವರಿಗೆ ಹಾಕಿಕೊಂಡು ಹೋಟೆಲಿನ ಹಿಂಬಾಗಿಲಿಗೆ ಹೋದೆ. ಅವಳು ಮೊಳಕೈವರೆಗೆ ಸೋಪಿನ ನೊರೆ ಮಾಡಿಕೊಂಡು ತಟ್ಟೆಗಳ ರಾಶಿಯ ಮುಂದೆ ನಿಂತಿದ್ದಳು. ಉಗುರುಗಳ ಸುತ್ತ ಚರ್ಮ ಬಿಳಿಚಿ ಸುಲಿದಿತ್ತು. ನನ್ನನ್ನು ಕಂಡು, "ಏನಾದ್ರೂ ಮರೆತು ಹೋಗಿದ್ರಾ ಮೇಡಂ?" ಎಂದು ಕೇಳಿದಳು.

"ಟಿಪ್ಸು ತಗೊಂಡಿದ್ದು ನಾನು" ಎಂದೆ. "ಅವರೆಲ್ಲ ಕೊಡ್ತಿದ್ರು. ನಾನು ಇಡ್ತಿರಲಿಲ್ಲ."

ಅವಳು ನಲ್ಲಿ ನಿಲ್ಲಿಸಿದಳು. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಮೊದಲ ಎರಡು ತಿಂಗಳು ನನ್ನ ಕೈಯಿಂದಾನೇ ಡಬ್ಬಿಗೆ ಹಾಕ್ದೆ" ಎಂದಳು. "ಯಾರೂ ಅನುಮಾನ ಪಡಬಾರದು ಅಂತ. ಆಮೇಲೆ ಆಗಲಿಲ್ಲ. ನಾನೇನೋ ಬಡಿಸೋದ್ರಲ್ಲಿ ತಪ್ಪು ಮಾಡಿರಬೇಕು, ನಿಮಗೆ ಸಿಟ್ಟು ಬಂದಿದೆ ಅಂದ್ಕೊಂಡಿದ್ದೆ."

ಕವರು ಚಾಚಿದೆ. ಅವಳು ಕೈ ಒರೆಸಿಕೊಳ್ಳಲೂ ಇಲ್ಲ. "ಅದು ಡಬ್ಬಿಗೆ ಸೇರಬೇಕಾದ್ದು, ನನಗಲ್ಲ. ನೀವು ಒಳಗೆ ಬಂದು ಈಗ ನಂಗೆ ಹೇಳಿದ್ದನ್ನ ಅವರಿಗೂ ಹೇಳಿ. ನಂಗಷ್ಟು ಸಾಕು."

ಅಡುಗೆಮನೆಯಲ್ಲಿ ಆರು ಜನರಿದ್ದರು. ಒಬ್ಬ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿದ, ಯಾರೋ ಒಲೆ ಸಣ್ಣ ಮಾಡಿದರು. ಮೀಸೆಯವನು ಕುರ್ಚಿ ಎಳೆದು ಹಾಕಿದ. ನಾನು ಕೂರಲಿಲ್ಲ. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಹೇಳಿಕೊಂಡು ಬಂದ ಮಾತು ನಾಲಿಗೆಯ ತುದಿಯಲ್ಲೇ ಇತ್ತು.

"ಇವರದೇನೂ ತಪ್ಪಿಲ್ಲ" ಎಂದೆ. "ನಮ್ಮ ಎಂಟು ಜನರಲ್ಲೇ ಲೆಕ್ಕ ತಪ್ಪಿತ್ತು. ಒಬ್ಬರು ಇಟ್ಟಿದಾರೆ ಅಂತ ಇನ್ನೊಬ್ಬರು, ಇನ್ನೊಬ್ಬರು ಇಟ್ಟಿದಾರೆ ಅಂತ ಮತ್ತೊಬ್ಬರು. ಅವತ್ತು ನಾನೂ ಹಾಗೇ ಅಂದ್ಕೊಂಡು ತಲೆಯಾಡಿಸಿಬಿಟ್ಟೆ. ಕೊನೆಗೆ ನೋಡಿದ್ರೆ ಯಾರೂ ಇಟ್ಟಿರಲಿಲ್ಲ. ತಗೊಳ್ಳಿ, ಐದು ತಿಂಗಳದ್ದು."

ಹೇಳಿ ಮುಗಿಸಿದ ಮೇಲೇ ನಾನು ಏನು ಹೇಳಿದೆ ಎಂದು ನನಗೆ ಗೊತ್ತಾದದ್ದು. ನನ್ನೊಬ್ಬಳ ಕಳ್ಳತನವನ್ನು ಎಂಟು ಪಾಲು ಮಾಡಿ, ಡಾಕ್ಟರಮ್ಮನ ತಲೆಗೂ ಒಂದು ಪಾಲು ಕಟ್ಟಿದ್ದೆ.

"ಅಷ್ಟೊಂದು ಓದಿದೋರು ಎಂಟು ಜನ, ಒಬ್ರಿಗೂ ಲೆಕ್ಕ ಬರಲ್ವಾ!" ಎಂದು ಮೀಸೆಯವನು ನಕ್ಕ. ಉಳಿದವರೂ ನಕ್ಕರು. ಅವನು ಅವಳ ಕಡೆ ತಿರುಗಿ, "ತಪ್ಪಾಯ್ತು ಅಕ್ಕಾ, ಏಪ್ರನ್ ಹಾಕ್ಕೊಂಡು ಬಡಿಸೋಕೆ ಹೊರಗೆ ಬಾ" ಎಂದ. ನಾನೂ ನಕ್ಕೆ. ಆ ನಗು ನೆನೆದರೆ ಇವತ್ತಿಗೂ ನನಗೆ ನನ್ನ ಮೇಲೇ ಹೇಸಿಗೆಯಾಗುತ್ತದೆ.

ಅವಳು ನಗಲಿಲ್ಲ. ನನ್ನ ಮಾತನ್ನು ತಿದ್ದಲೂ ಇಲ್ಲ. ಹಿಂಬಾಗಿಲವರೆಗೆ ನನ್ನ ಜೊತೆ ಬಂದು, ಬಾಗಿಲು ತೆರೆದು ಹಿಡಿದಳು.

"ತಪ್ಪು ಹೊತ್ಕೊಳ್ಳೋಕೆ ನಿಮಗೆ ಎಂಟು ಜನ ಇದ್ರು ಮೇಡಂ" ಎಂದಳು. "ನಾನು ಒಬ್ಬಳೇ ಇದ್ದೆ."