ಮಂದ್ರದಲ್ಲಿ ಹಾಡಿದವಳು

ನಮ್ಮ ಕೆಳಗಿನ ಅಪಾರ್ಟ್‌ಮೆಂಟಿನ ರೋಸಲಿ ಒಂದು ಕಾಲಕ್ಕೆ ಅಮೆರಿಕದ ರೇಡಿಯೋದಲ್ಲೆಲ್ಲ ಕೇಳಿಬರುತ್ತಿದ್ದ ಹಾಡುಗಾರ್ತಿ ಎಂದರೆ ವೆಸ್ಟ್ ವಿಂಡ್ಸರಿನಲ್ಲಿ ಯಾರೂ ನಂಬುತ್ತಿರಲಿಲ್ಲ. ಅರವತ್ತರ ದಶಕದಲ್ಲಿ 'ಪೇಪರ್ ಲಾರ್ಕ್ಸ್' ಎಂದು ನಾಲ್ಕು ಹುಡುಗಿಯರ ತಂಡವಿತ್ತಂತೆ. ಅವರ ಮೂರು ಹಾಡು ಜನಪ್ರಿಯ ಹಾಡುಗಳ ಚಾರ್ಟ್ ಹತ್ತಿದ್ದವು, ಒಂದಂತೂ ಒಂಬತ್ತನೇ ಸ್ಥಾನದವರೆಗೆ. ಆ ನಾಲ್ವರಲ್ಲಿ ರೋಸಲಿ ಒಬ್ಬಳು, ಅವಳ ತಂಗಿ ಡಾನಾ ಇನ್ನೊಬ್ಬಳು. ಡಾನಾ ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು.

೧೯೯೯ರ ಬೇಸಿಗೆಯಲ್ಲಿ ರೋಸಲಿ ಒಂದು ಕ್ಯಾಸೆಟ್ ತಂದು ನನ್ನ ಕೈಗಿಟ್ಟಳು. "ಅಕ್ಷತಾ, ನೀವೆಲ್ಲ ಕಂಪ್ಯೂಟರ್‌ನವರು. ಇದನ್ನ ಸಿಡಿಗೆ ಹಾಕಿಕೊಡ್ತೀಯಾ?" ಒಂಬತ್ತನೇ ಸ್ಥಾನದ ಆ ಹಾಡಿನ ತನ್ನ ಪಾಲನ್ನು ಡಾನಾ ಅಡುಗೆಮನೆಯಲ್ಲಿ ಒಬ್ಬಳೇ ಅಭ್ಯಾಸ ಮಾಡಿದ್ದು ಅದರಲ್ಲಿತ್ತು. ಅದೊಂದೇ ಪ್ರತಿ.

"ರೆಕಾರ್ಡಿನಲ್ಲಿ ಮಂದ್ರದಲ್ಲಿ ಹಾಡಿದವರು ಇಬ್ಬರು, ಡಾನಾ ಮತ್ತೆ ಇನ್ನೊಬ್ಬಳು. ನಾನು ಮೇಲಿನ ಸ್ವರದಲ್ಲಿ" ಎಂದಳು. "ಮೊದಲು ಕ್ಯಾಸೆಟ್ ಕೇಳ್ತೀನಿ, ಆಮೇಲೆ ರೆಕಾರ್ಡ್ ಹಾಕ್ತೀನಿ. ಆಗ ನನ್ನ ತಂಗಿ ಸಿಕ್ತಾಳೆ. ಇತ್ತೀಚೆಗೆ ಬರೀ ರೆಕಾರ್ಡ್ ಕೇಳಿದ್ರೆ ಯಾವುದು ಅವಳ ದನಿ ಅಂತ ಗೊತ್ತಾಗಲ್ಲ."

ಈ ವೀಕೆಂಡ್ ಖಂಡಿತ ಎಂದೆ. ಎರಡು ಸಾವಿರದ ಇಸವಿ ಬಂದೊಡನೆ ಕಂಪ್ಯೂಟರ್‌ಗಳೆಲ್ಲ ಕೆಡುತ್ತವೆಂಬ ವೈಟುಕೆ ಭೂತ ನಮ್ಮ ಕ್ರ್ಯಾನ್‌ಬರಿ ಆಫೀಸನ್ನು ಮೆಟ್ಟಿಕೊಂಡಿದ್ದ ಕಾಲ ಅದು. ನಾಲ್ಕು ವೀಕೆಂಡ್ ಹೋದವು. ಕ್ಯಾಸೆಟ್ ಟೀವಿ ಪಕ್ಕದಲ್ಲೇ ಬಿದ್ದಿತ್ತು.

ಆಗ ರಾಣೆಬೆನ್ನೂರಿನಿಂದ ನಮ್ಮತ್ತೆ ಕಮಲವ್ವ ಬಂದಿದ್ದರು. ಅವರ ಅಕ್ಕ ಗುರುಸಿದ್ದಮ್ಮನಿಗೆ ಓದಲು ಬರದು. ಹಾಗಾಗಿ ಅತ್ತೆಯ ಪತ್ರವೆಲ್ಲ ಕ್ಯಾಸೆಟ್ಟಿನಲ್ಲಿ.

"ಅಕ್ಕಗ ಕ್ಯಾಸೆಟ್ ತುಂಬೀನವಾ, ಪೋಸ್ಟಿಗೆ ಹಾಕು" ಎಂದರು ಒಂದು ಸಂಜೆ.

"ಯಾವ ಕ್ಯಾಸೆಟ್ ಅತ್ತೆ?"

"ಟೀವಿ ಬಾಜೂಕ ಇತ್ತಲ್ಲ. ಅದರ ಮ್ಯಾಲಿನ ತುಂಡು ಯಾರೋ ಮುರದಿದ್ರು. ಸೆಲೋಟೇಪ್ ಹಚ್ಚಿ ಸರಿ ಮಾಡೀನಿ. ಎರಡೂ ಕಡೆ ತುಂಬಿತು."

ಅದು ರೋಸಲಿಯ ಕ್ಯಾಸೆಟ್. ಅದರ ಮೇಲೆ ಬೇರೇನೂ ರೆಕಾರ್ಡ್ ಆಗದಿರಲೆಂದೇ ರೋಸಲಿ ಆ ಪ್ಲಾಸ್ಟಿಕ್ ತುಂಡನ್ನು ಮುರಿದಿಟ್ಟಿದ್ದಳು. ನಮ್ಮ ಕಡೆ ಆ ತೂತಿಗೆ ಸೆಲೋಟೇಪ್ ಅಂಟಿಸಿ ಮತ್ತೆ ರೆಕಾರ್ಡ್ ಮಾಡದ ಮನೆಯೇ ಇರಲಿಲ್ಲ. ನಾನೂ ಮಾಡಿದವಳೇ. ಆದರೂ ಅತ್ತೆಯ ಮೇಲೆ ಬಾಯಿಗೆ ಬಂದಂತೆ ಕೂಗಾಡಿದೆ. ತಪ್ಪು ನನ್ನದೆಂದು ಗೊತ್ತಿದ್ದವರು ಇನ್ನೂ ಜೋರಾಗಿ ಕೂಗಾಡುತ್ತಾರೆ.

"ಸತ್ತ ತಂಗೀ ದನೀನ?" ಅತ್ತೆ ಕ್ಯಾಸೆಟ್ಟನ್ನು ಕೈಗೆತ್ತಿಕೊಂಡರು. "ನನ್ನ ಕೈಲೆ ಎಂಥಾ ಕೆಲಸ ಆತವಾ!"

ಇಬ್ಬರೂ ಕೆಳಗೆ ಹೋದೆವು. ಅತ್ತೆ ರೋಸಲಿಯ ಎರಡೂ ಕೈ ಹಿಡಿದುಕೊಂಡು ಅತ್ತರು, ನಾನು ವಿಷಯ ಹೇಳಿದೆ. ರೋಸಲಿ ಬೈಯಲಿಲ್ಲ. ಕ್ಯಾಸೆಟ್ ಹಾಕಿ, ಎಲ್ಲಾದರೂ ಚೂರು ಉಳಿದಿರಬಹುದೆಂದು ಎರಡೂ ಕಡೆ ಪೂರ್ತಿ ಕೇಳಿದಳು. ಮಂಡಿನೋವು, ಇಲ್ಲಿನ ಸಪ್ಪೆ ಮೆಣಸಿನಕಾಯಿ, ಅಕ್ಕಾ ನೀ ಹೆಂಗದೀ ಎಂಬ ಮಾತು. ಡಾನಾ ಎಲ್ಲೂ ಇರಲಿಲ್ಲ.

ಆಮೇಲೆ ಎದ್ದು ಹಳೆಯ ರೆಕಾರ್ಡ್ ಹಾಕಿದಳು. ನಾಲ್ಕು ದನಿ ಒಟ್ಟಿಗೆ ಎದ್ದವು.

"ನಾಲ್ಕು ವಾರ ನಿನ್ನ ಹತ್ತಿರ ಇತ್ತಲ್ಲ, ಕೇಳಿರ್ತೀಯ. ಇದರಲ್ಲಿ ಅವಳು ಯಾರು, ಹೇಳು."

ನಾನು ಆ ಕ್ಯಾಸೆಟ್ಟನ್ನು ಒಂದು ಸಲವೂ ಕೇಳಿರಲಿಲ್ಲ. ಹಾಗೆಂದು ಹೇಳಲು ಬಾಯಿ ತೆರೆದೆ, ಅವಳ ಮುಖ ನೋಡಿ ಆಗಲಿಲ್ಲ. ಚರಣದ ಕೊನೆಯಲ್ಲಿ ಒಂದು ದನಿ ಉಳಿದವುಗಳನ್ನು ಬಿಟ್ಟು ಕೆಳಕ್ಕಿಳಿಯಿತು. ಬೆರಳೆತ್ತಿ, "ಇದು" ಎಂದೆ.

ರೋಸಲಿ ಕಣ್ಣು ಮುಚ್ಚಿ ಆ ದನಿಯ ಜೊತೆ ಗುನುಗಿದಳು. ಅತ್ತೆ ನನ್ನ ಕಡೆ ನೋಡಿ ಕೈಮುಗಿದರು.

ಈಗಲೂ ಸಂಜೆ ಕೆಳಗಿನಿಂದ ಆ ಹಾಡು ಕೇಳಿಸುತ್ತದೆ. ನಾನು ಬೆರಳೆತ್ತಿದ ಜಾಗ ಬಂದಾಗ ರೋಸಲಿ ವಾಲ್ಯೂಮ್ ಜಾಸ್ತಿ ಮಾಡುತ್ತಾಳೆ.